ತೊಟ್ಟಿಯ ಬಿಸಿಲು

ನಮ್ಮ ಸೀಮೆಯಲ್ಲಿ ಎಂದೂ ಬರ ಬಾರದ ವಸ್ತು ಯಾವುದೆಂದು ಕೇಳಿದರೆ ಯಾರಾದರೂ ಬಿಸಿಲು ಎಂದೇ ಹೇಳುತ್ತಾರೆ. ಮಳೆ ಕೈಕೊಡುತ್ತದೆ, ಕೆರೆ ಬತ್ತುತ್ತದೆ, ತೆಂಗಿಗೆ ನುಸಿ ಬೀಳುತ್ತದೆ, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆ ಒಂದು ವಾರ ಏರಿ ಮರುವಾರ ಇಳಿಯುತ್ತದೆ. ಬಿಸಿಲು ಮಾತ್ರ ವರ್ಷದ ಹನ್ನೆರಡು ತಿಂಗಳೂ ಕರೆಯದೆ ಬರುವ ನೆಂಟ. ಆದ್ದರಿಂದಲೇ, ಬಿಸಿಲಿನಿಂದ ಸಿಗಬೇಕಾದ ಒಂದು ಸತ್ವ ನಮ್ಮ ಬಸುರಿ ಹೆಂಗಸರ ಮೈಯಲ್ಲಿ ಸಾಲದಾಗಿದೆ, ಅವರ ಹೊಟ್ಟೆಯಲ್ಲಿ ಹುಟ್ಟುವ ಕೂಸುಗಳೂ ಆ ಕೊರತೆಯನ್ನು ಹೊತ್ತುಕೊಂಡೇ ಬರುತ್ತವೆ ಎಂದರೆ ಊರಿನ ಜನ ನಗುತ್ತಾರೆ. ‘ಲಂಡನ್ನಿನವರಿಗೆ ಹೇಳಿ ಮೇಷ್ಟ್ರೇ, ನಮಗೇಕೆ?’ ಎಂದು ಒಬ್ಬರು ನನ್ನನ್ನೇ ಕೇಳಿದ್ದುಂಟು.

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಡಿ ಜೀವಸತ್ವದ ಚರಿತ್ರೆ ಶುರುವಾಗುವುದು ಲಂಡನ್ನಿನ ಕಡೆಯಿಂದಲೇ. ಆದರೆ ಅದು ಮುಗಿಯುವುದು ನಮ್ಮ ಮನೆಯ ನಡುಮನೆಯಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ಈ ಚರಿತ್ರೆಯನ್ನು ಪಠ್ಯಪುಸ್ತಕದ ನಾಲ್ಕು ಸಾಲಿನಲ್ಲಿ ಮುಗಿಸಬೇಕಾಗಿ ಬಂದುದು ಯಾವಾಗಲೂ ಒಂದು ಅಸಮಾಧಾನ. ‘ಎ ಕೊರತೆಯಿಂದ ಇರುಳುಗುರುಡು, ಸಿ ಕೊರತೆಯಿಂದ ಸ್ಕರ್ವಿ, ಡಿ ಕೊರತೆಯಿಂದ ರಿಕೆಟ್ಸ್’ ಎಂದು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಯಾರಿಗೆ ಕೊರತೆ, ಏಕೆ ಕೊರತೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತಿರಲಿಲ್ಲ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಒಂದು ವಿಚಿತ್ರ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಂಡಿತು. ತಲೆ ದೊಡ್ಡದು, ಎದೆ ಮುಂದೆ ಚಾಚಿದ್ದು, ಮಣಿಕಟ್ಟಿನ ಮೂಳೆ ಊದಿದ್ದು, ನಡೆಯಲು ಕಲಿತ ಮೇಲೆ ಕಾಲು ಬಿಲ್ಲಿನಂತೆ ಬಾಗಿದ್ದು. ಡೇನಿಯಲ್ ವಿಸ್ಲರ್ ಎಂಬ ವಿದ್ಯಾರ್ಥಿ 1645ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಇದರ ಮೇಲೆ ಪ್ರಬಂಧ ಬರೆದ. ಐದು ವರ್ಷದ ನಂತರ ಫ್ರಾನ್ಸಿಸ್ ಗ್ಲಿಸನ್ ಎಂಬ ವೈದ್ಯ ಒಂದು ದೊಡ್ಡ ಗ್ರಂಥವನ್ನೇ ಬರೆದ. ಕಾರಣ ಇಬ್ಬರಿಗೂ ತಿಳಿಯಲಿಲ್ಲ. ಮುಂದೆ ಕಾರ್ಖಾನೆಗಳ ಯುಗ ಬಂದು, ಕಲ್ಲಿದ್ದಲಿನ ಹೊಗೆ ಆಕಾಶವನ್ನು ಮುಚ್ಚಿ, ಕೂಲಿಗಾರರ ಕುಟುಂಬಗಳು ಇಕ್ಕಟ್ಟಾದ ಓಣಿಗಳಲ್ಲಿ ತುಂಬಿಕೊಂಡಾಗ ಗ್ಲ್ಯಾಸ್ಗೋದಂಥ ಪಟ್ಟಣಗಳಲ್ಲಿ ಬಿಲ್ಲುಗಾಲಿನ ಮಕ್ಕಳು ಬೀದಿಬೀದಿಗೂ ಕಾಣತೊಡಗಿದರು.

ಆ ಮಕ್ಕಳಲ್ಲಿ ಹೆಣ್ಣುಮಕ್ಕಳು ದೊಡ್ಡವರಾಗಿ ಬಸುರಾದಾಗ ರೋಗ ತನ್ನ ಎರಡನೆಯ ಮುಖವನ್ನು ತೋರಿಸಿತು. ಎಳೆಯ ವಯಸ್ಸಿನಲ್ಲಿ ಮೆತ್ತಗಾಗಿ ಚಪ್ಪಟೆಯಾದ ಸೊಂಟದ ಮೂಳೆಯ ನಡುವೆ ಕೂಸು ಹೊರಬರಲು ದಾರಿಯೇ ಇಲ್ಲ. ದಿನಗಟ್ಟಲೆ ನೋವು ತಿಂದು ತಾಯಿ ಮಗು ಇಬ್ಬರೂ ಸಾಯುವುದು ಸಾಮಾನ್ಯವಾಗಿತ್ತು. 1888ರಲ್ಲಿ ಗ್ಲ್ಯಾಸ್ಗೋ ಹೆರಿಗೆ ಆಸ್ಪತ್ರೆಯ ಮರ್ಡಾಕ್ ಕ್ಯಾಮೆರಾನ್ ರಿಕೆಟ್ಸಿನಿಂದ ಕುಳ್ಳಾಗಿ ಉಳಿದಿದ್ದ ಒಬ್ಬ ಹೆಂಗಸಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ. ತಾಯಿಯೂ ಬದುಕಿದಳು, ಮಗುವೂ ಬದುಕಿತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ನಡೆಯುವ ಸಿಸೇರಿಯನ್ನಿನ ಚರಿತ್ರೆಯಲ್ಲಿ ಬಿಸಿಲು ಕಾಣದ ಹುಡುಗಿಯರ ಸೊಂಟಕ್ಕೂ ಒಂದು ಪಾಲಿದೆ ಎಂಬುದನ್ನು ನಾವು ಮರೆತಿದ್ದೇವೆ.

ಬಿಸಿಲಿನ ಸುಳಿವು ಮೊದಲೇ ಸಿಕ್ಕಿತ್ತು. 1822ರಷ್ಟು ಹಿಂದೆಯೇ ಪೋಲೆಂಡಿನ ಸ್ನ್ಯಾಡೆಕಿ ಎಂಬ ವೈದ್ಯ, ವಾರ್ಸಾ ಪಟ್ಟಣದ ಮಕ್ಕಳಿಗೆ ಬರುವ ಈ ರೋಗ ಹಳ್ಳಿಯ ಮಕ್ಕಳಿಗೆ ಬರುವುದಿಲ್ಲವೆಂದು ಗಮನಿಸಿ, ಮಕ್ಕಳನ್ನು ಬಯಲಿಗೆ ಕರೆದೊಯ್ಯಿರಿ ಎಂದ. ಯಾರೂ ಕಿವಿಗೊಡಲಿಲ್ಲ. ಥಿಯೋಬಾಲ್ಡ್ ಪಾಮ್ ಎಂಬ ಮಿಷನರಿ ವೈದ್ಯ ಜಪಾನಿನಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದ. ಅಲ್ಲಿ ಕಾಣದಿದ್ದ ರೋಗ ಇಲ್ಲಿ ಮನೆಮನೆಗೂ ಇದೆಯಲ್ಲ ಎಂದು ಬೆರಗಾಗಿ, ಬೇರೆ ಬೇರೆ ದೇಶಗಳಲ್ಲಿದ್ದ ಮಿಷನರಿಗಳಿಂದ ಕೇಳಿ ತಿಳಿದುಕೊಂಡು, ರೋಗಕ್ಕೂ ಬಿಸಿಲಿಗೂ ಸಂಬಂಧವಿದೆ ಎಂದು 1890ರಲ್ಲಿ ಬರೆದ. ಪೂರ್ವದೇಶಗಳ ಬಡವರು ಉಣ್ಣುವುದು ಕಡಿಮೆ, ಕೊಳಕು ಹೆಚ್ಚು, ಆದರೂ ಅವರ ಮಕ್ಕಳ ಕಾಲು ನೆಟ್ಟಗಿದೆ ಎಂಬುದು ಅವನ ವಾದ. ‘ನಮಗೇಕೆ?’ ಎನ್ನುವ ನಮ್ಮೂರಿನವರ ಮಾತಿನ ಬೇರು ಬಹುಶಃ ಇಲ್ಲಿಯೇ ಇದೆ. ಬಿಸಿಲುನಾಡಿಗೆ ಈ ರೋಗವಿಲ್ಲ ಎಂಬ ನಂಬಿಕೆ ಆಗಿನಿಂದ ಬೇರೂರಿತು.

ಅದರ ಮುಂದಿನ ಕಥೆ ಸ್ವಾರಸ್ಯವಾದದ್ದು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಮನೆಯೊಳಗೇ ಕಟ್ಟಿ, ಓಟ್ಸ್ ಗಂಜಿ ತಿನ್ನಿಸಿ ರಿಕೆಟ್ಸ್ ಬರಿಸಿದ. ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿ ಮಾಡಿದ. ಆದ್ದರಿಂದ ಇದು ಆಹಾರದ ದೋಷ ಎಂದ. ಅದೇ 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ರೋಗಿ ಮಕ್ಕಳಿಗೆ ಪಾದರಸದ ದೀಪದ ಬೆಳಕು ಹಾಯಿಸಿ ವಾಸಿ ಮಾಡಿದ. ಒಂದೇ ತೋಳಿಗೆ ಬೆಳಕು ಬಿಟ್ಟರೆ ಎರಡೂ ತೋಳಿನ ಮೂಳೆ ಗಟ್ಟಿಯಾಗುವುದನ್ನು ಕಂಡು, ಚರ್ಮದಲ್ಲಿ ಏನೋ ಒಂದು ತಯಾರಾಗಿ ರಕ್ತದ ಮೂಲಕ ಹರಿಯುತ್ತದೆ ಎಂದು ಊಹಿಸಿದ. ಆಹಾರವೋ ಬೆಳಕೋ ಎಂಬ ಜಗಳ ಕೆಲವು ವರ್ಷ ನಡೆಯಿತು. 1922ರಲ್ಲಿ ಅಮೆರಿಕದ ಮೆಕಾಲಮ್ ಮೀನೆಣ್ಣೆಯಲ್ಲಿದ್ದ ಸತ್ವಕ್ಕೆ ‘ಡಿ’ ಎಂದು ಹೆಸರಿಟ್ಟ. 1924ರಲ್ಲಿ ಸ್ಟೀನ್‌ಬಾಕ್ ಆಹಾರದ ಮೇಲೆ ಅತಿನೇರಳೆ ಕಿರಣ ಹಾಯಿಸಿದರೆ ಅದರಲ್ಲೂ ಆ ಸತ್ವ ಹುಟ್ಟುತ್ತದೆ ಎಂದು ತೋರಿಸಿದ. ಎರಡು ಪಕ್ಷದವರೂ ಹೇಳುತ್ತಿದ್ದುದು ಒಂದೇ ವಸ್ತುವನ್ನು ಎಂದು ಆಗ ತಿಳಿಯಿತು. ಮೀನು ಅದನ್ನು ತನ್ನ ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ, ಮನುಷ್ಯ ಅದನ್ನು ಬಿಸಿಲಿನಲ್ಲಿ ನಿಂತು ತನ್ನ ಚರ್ಮದಲ್ಲೇ ತಯಾರಿಸಿಕೊಳ್ಳುತ್ತಾನೆ. ಈ ವಸ್ತುಗಳ ರಚನೆಯನ್ನು ಬಿಡಿಸಿದ ಜರ್ಮನಿಯ ವಿಂಡೌಸ್‌ಗೆ 1928ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇಷ್ಟು ಚರಿತ್ರೆ ಎಲ್ಲ ಪುಸ್ತಕಗಳಲ್ಲೂ ಇದೆ. ನನ್ನ ಗಮನ ಸೆಳೆದದ್ದು ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ನಡೆದ, ಅಷ್ಟಾಗಿ ಯಾರೂ ಹೇಳದ ಕೆಲಸ. ಬಿಸಿಲುನಾಡಿಗೆ ರಿಕೆಟ್ಸ್ ಇಲ್ಲವೆಂಬ ನಂಬಿಕೆಯನ್ನು ಮುರಿದದ್ದು ನಾಸಿಕದ ಒಂದು ಪರಿಶೀಲನೆ. ಹಚಿಸನ್ ಮತ್ತು ಷಾ ಎಂಬ ಇಬ್ಬರು ವೈದ್ಯರು 1922ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿ ರೋಗವಿದ್ದದ್ದು ಬಡವರ ಕೇರಿಯಲ್ಲಲ್ಲ. ಹಾಲು ತುಪ್ಪ ತಿನ್ನುವ, ಆದರೆ ಹೆಂಗಸರನ್ನು ಪರದೆಯೊಳಗೆ ಇರಿಸುವ ಅನುಕೂಲಸ್ಥ ಮುಸಲ್ಮಾನರ ಮತ್ತು ಮೇಲುಜಾತಿಯ ಹಿಂದೂಗಳ ಮನೆಗಳಲ್ಲಿ. ತಾಯಿ ಹೊರಗೆ ಬರಲಾರಳು, ಆದ್ದರಿಂದ ಎಳೆಗೂಸೂ ಹೊರಗೆ ಬರಲಾರದು. ಅರೆಹೊಟ್ಟೆ ಉಂಡು ಕೂಸನ್ನು ಹೊಲದ ಬದುವಿನಲ್ಲಿ ಮಲಗಿಸಿ ಕೂಲಿ ಮಾಡುತ್ತಿದ್ದ ಹೆಂಗಸಿನ ಮಗುವಿನ ಮೂಳೆ ಗಟ್ಟಿಯಾಗಿತ್ತು.

ಅದಾದ ಕೆಲವೇ ವರ್ಷಗಳಲ್ಲಿ, 1928ರಲ್ಲಿ, ಕಾಶ್ಮೀರದಲ್ಲಿ ಹೆರಿಗೆ ಮಾಡಿಸಿದ್ದ ಕ್ಯಾಥ್ಲೀನ್ ವಾಘನ್ ಎಂಬ ವೈದ್ಯೆ ಪರದೆ ಪದ್ಧತಿ ತಾಯ್ತನದ ಮೇಲೆ ಮಾಡುವ ಪರಿಣಾಮವನ್ನು ಕುರಿತು ಪುಸ್ತಕವನ್ನೇ ಬರೆದಳು. ದೊಡ್ಡವರಲ್ಲಿ ಮೂಳೆ ಮೆತ್ತಗಾಗುವ ರೋಗಕ್ಕೆ ಆಸ್ಟಿಯೋಮಲೇಸಿಯ ಎನ್ನುತ್ತಾರೆ. ಬೆಳಕಿಲ್ಲದ ಮನೆಯೊಳಗೆ ಒಂದರ ಮೇಲೊಂದು ಹೆತ್ತ ಹೆಂಗಸರ ಸೊಂಟ ಕುಗ್ಗಿ ಮಡಚಿಕೊಂಡಂತೆ ಆಗುವುದನ್ನು ಅವಳು ಕಂಡಿದ್ದಳು. 1930ರ ಸುಮಾರಿಗೆ ಡಗ್ಮಾರ್ ವಿಲ್ಸನ್ ಎಂಬ ಇನ್ನೊಬ್ಬ ವೈದ್ಯೆ ಕಾಂಗ್ಡಾ ಕಣಿವೆಯಲ್ಲಿ ಇದೇ ರೋಗವನ್ನು ಹುಡುಕಿ ಲೆಕ್ಕ ಹಾಕಿದಳು. ಅದೇ ಕಾಲದಲ್ಲಿ ಚೀನಾದ ಪೀಕಿಂಗಿನಲ್ಲಿ ಮ್ಯಾಕ್ಸ್‌ವೆಲ್ ಎಂಬ ಹೆರಿಗೆ ವೈದ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೂಳೆ ಮೆತ್ತಗಾದ ತಾಯಿಯ ಕೂಸು ಹುಟ್ಟುವಾಗಲೇ ರಿಕೆಟ್ಸ್ ಹೊತ್ತು ಬರಬಹುದು ಎಂಬುದನ್ನು ತೋರಿಸಿದ. ಅಲ್ಲಿಯವರೆಗೆ ರಿಕೆಟ್ಸ್ ಎಂದರೆ ಹುಟ್ಟಿದ ಮೇಲೆ ಬರುವ ಕಾಯಿಲೆ ಎಂದೇ ಬಹುಮಂದಿಯ ಎಣಿಕೆ.

ಇದನ್ನು ಓದುವಾಗ ನನ್ನ ಮನಸ್ಸಿನಲ್ಲಿ ಬಂದ ಸಮಾಧಾನ ನಿಮ್ಮ ಮನಸ್ಸಿನಲ್ಲೂ ಬಂದಿರಬಹುದು. ನಮ್ಮ ತುಮಕೂರು ಸೀಮೆಯಲ್ಲಿ ಪರದೆ ಎಲ್ಲಿದೆ? ನಮ್ಮ ಹೆಂಗಸರು ಕಳೆ ಕೀಳುತ್ತಾರೆ, ರಾಗಿ ಕೊಯ್ಯುತ್ತಾರೆ, ತೆಂಗಿನ ಗರಿ ಹೆಣೆಯುತ್ತಾರೆ, ಸಂತೆಗೆ ಹೋಗುತ್ತಾರೆ. ನಿಜ. ಆದರೆ ಪರದೆ ಎಂದರೆ ಬಟ್ಟೆಯೊಂದೇ ಅಲ್ಲ. ಕೊಂಚ ಉಳ್ಳವರ ಮನೆಗಳಲ್ಲಿ ಹೊಸ ಸೊಸೆ ಬೀದಿ ಬಾಗಿಲಿಗೆ ಬಂದು ನಿಲ್ಲಬಾರದು ಎಂಬ ಮಾತು ನಾನು ಚಿಕ್ಕವನಿದ್ದಾಗ ಕಟ್ಟಳೆಯಂತೆಯೇ ಇತ್ತು. ಬಸುರಿಗೆ ದೃಷ್ಟಿ ತಾಕೀತು, ಗ್ರಹಣ ಸೋಕೀತು, ಸಂಜೆಯ ಗಾಳಿ ಬಡಿದೀತು. ಹೆತ್ತ ಮೇಲಂತೂ ಬಾಣಂತಿ ಕೋಣೆ. ಕಿಟಕಿಗೆ ಗೋಣಿತಾಟು, ಬಾಗಿಲಿಗೆ ಕಂಬಳಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದಡಿ ಕೆಂಡ, ಸಾಂಬ್ರಾಣಿಯ ಹೊಗೆ. ಮೂರು ತಿಂಗಳು, ಕೆಲವು ಮನೆಗಳಲ್ಲಿ ಐದು ತಿಂಗಳು.

ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. 1971ರಲ್ಲಿ ನನ್ನ ಅಕ್ಕನನ್ನು ಚೊಚ್ಚಿಲ ಬಾಣಂತನಕ್ಕೆ ತವರಿಗೆ ಕರೆತಂದಿದ್ದರು. ಅವಳನ್ನು ಕೊಟ್ಟಿದ್ದ ಮನೆಯಲ್ಲಿ ನೀರಿಗೂ ಆಳು, ಸೌದೆಗೂ ಆಳು. ಅಂಥ ಕಡೆ ಸೇರಿದಳೆಂದು ನಮ್ಮ ಅಜ್ಜಿಗೆ ಬಹಳ ಹೆಮ್ಮೆ. ಮಗು ಹುಟ್ಟಿದ ಒಂಬತ್ತನೆಯ ದಿನ ಇದ್ದಕ್ಕಿದ್ದಂತೆ ಕೈಕಾಲು ಸೆಟೆದುಕೊಂಡು ನಡುಗಿತು. ಒಂದು ಗಳಿಗೆ ಬಿಟ್ಟು ಮತ್ತೆ. ‘ಬಾಲಗ್ರಹ’ ಎಂದರು ನೆರೆಯವರು. ತಾಯತ ಕಟ್ಟುವವರಿಗೆ ಹೇಳಿಕಳಿಸಿದರು. ಅಪ್ಪ ಮಾತ್ರ ಕಾಯಲಿಲ್ಲ. ಅಮ್ಮಸಂದ್ರದ ಕಾರ್ಖಾನೆಯಿಂದ ಸಿಮೆಂಟು ಹೇರಿಕೊಂಡು ಹೊರಟಿದ್ದ ಲಾರಿಯೊಂದನ್ನು ನಿಲ್ಲಿಸಿ, ಅಕ್ಕನನ್ನೂ ಕೂಸನ್ನೂ ಅಜ್ಜಿಯನ್ನೂ ಹತ್ತಿಸಿಕೊಂಡು ಪಟ್ಟಣದ ವೈದ್ಯರ ಬಳಿಗೆ ಹೋದರು. ಅವರ ಕಾಲ ಬಳಿ ಕೂತು ಹೋದವನು ನಾನು. ವೈದ್ಯರು ಪರೀಕ್ಷೆ ಮಾಡಿ, ಕೂಸಿನ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರು. ನಡುಕ ನಿಂತಿತು. ಆಮೇಲೆ ಅವರು ಅಜ್ಜಿಯ ಕಡೆ ತಿರುಗಿ, ‘ಈ ಹುಡುಗಿ ಬಿಸಿಲು ಕಂಡು ಎಷ್ಟು ದಿನವಾಯಿತಮ್ಮ?’ ಎಂದು ಕೇಳಿದರು.

‘ಬಾಣಂತಿ ಯಾಕೆ ಸ್ವಾಮಿ ಬಿಸಿಲಿಗೆ ಬರಬೇಕು?’ ಎಂದಳು ಅಜ್ಜಿ.

‘ಬಾಣಂತಿಯಾದ ಮೇಲಿನದಲ್ಲ ತಾಯಿ. ಬಸುರಿಯಾಗಿದ್ದಾಗಿನದನ್ನು ಕೇಳಿದೆ.’

ಅಜ್ಜಿ ಉತ್ತರ ಕೊಡಲಿಲ್ಲ. ಅಕ್ಕ ತಾನೇ ಮೆಲ್ಲಗೆ, ‘ಅಲ್ಲಿ ಹಿತ್ತಲಿಗೂ ಹೋಗೋ ಕೆಲಸ ಇರಲಿಲ್ಲ’ ಎಂದಳು. ಆ ಕೂಸು ಈಗ ಐವತ್ತು ದಾಟಿದ ಗಂಡಸು, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದಾನೆ.

ಎಳೆಗೂಸಿಗೆ ಸೆಟೆ ಬರಲು ಕಾರಣಗಳು ಹಲವು. ಹೆರಿಗೆಯಲ್ಲಿ ಉಸಿರು ಕಟ್ಟಿದ್ದು, ಸೋಂಕು, ರಕ್ತದಲ್ಲಿ ಸಕ್ಕರೆ ಇಳಿದದ್ದು, ಆ ಕಾಲದಲ್ಲಿ ಹೊಕ್ಕುಳ ಕೊಯ್ದ ಕುಡುಗೋಲಿನಿಂದ ಬರುತ್ತಿದ್ದ ಧನುರ್ವಾಯು. ಇವೆಲ್ಲವನ್ನೂ ನಮ್ಮ ಹಿರಿಯರು ಬಾಲಗ್ರಹ ಎಂಬ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದರು. ಆ ಮೂಟೆಯಲ್ಲಿ ಒಂದು ಪಾಲು ಕ್ಯಾಲ್ಸಿಯಂ ಇಳಿದ ಕೂಸುಗಳದು. ಹಾಗೆ ಇಳಿಯಲು ಒಂದು ಕಾರಣ ತಾಯಿಯ ಮೈಯಲ್ಲಿ ಡಿ ಜೀವಸತ್ವ ಇಲ್ಲದಿರುವುದು. ಯಾವ ಕಾರಣದ್ದಾದರೂ ಕೂಸು ಸೆಟೆದರೆ ತಾಯತಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂಬುದು ಅಂದಿಗೂ ಇಂದಿಗೂ ನಿಜ.

ತಾಯಿಗೂ ಕೂಸಿಗೂ ನಡುವೆ ನಡೆಯುವ ವ್ಯವಹಾರ ಹೀಗಿದೆ. ಹೊಟ್ಟೆಯಲ್ಲಿರುವ ಒಂಬತ್ತು ತಿಂಗಳಲ್ಲಿ ಮಗು ತನ್ನ ಮೂಳೆಗೆಂದು ತಾಯಿಯಿಂದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ತಾಯಿಯ ಊಟದಲ್ಲಿ ಸಾಲದಿದ್ದರೆ ಅವಳ ಮೂಳೆಯಿಂದ ಬರುತ್ತದೆ. ಡಿ ಜೀವಸತ್ವವೂ ಮಾಸಿನ ಮೂಲಕ ಕೂಸಿಗೆ ದಾಟುತ್ತದೆ, ಆದರೆ ಕೂಸಿನ ಮಟ್ಟ ತಾಯಿಯ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ತಾಯಿಯ ಬಳಿ ಇದ್ದರೆ ತಾನೆ ಮಗುವಿಗೆ ಬಳುವಳಿ? ಹುಟ್ಟಿದ ಮೇಲೆ ಎದೆಹಾಲು ಕೂಸಿಗೆ ಬೇಕಾದ್ದರಲ್ಲಿ ಬಹುಪಾಲನ್ನು ಕೊಡುತ್ತದೆ, ಆದರೆ ಈ ಸತ್ವವನ್ನು ಸಾಕಷ್ಟು ಕೊಡುವುದಿಲ್ಲ. ಅದು ಹಾಲಿನ ದೋಷವಲ್ಲ. ತಾಯಿ ಕೂಸು ಇಬ್ಬರೂ ಬಯಲಿನಲ್ಲಿ ಬದುಕುತ್ತಿದ್ದ ಕಾಲಕ್ಕೆ ಆದ ಏರ್ಪಾಡು ಅದು.

ಇದೆಲ್ಲ ಹಳೆಯ ಕಾಲದ ಮಾತು, ಈಗ ಬಾಣಂತಿ ಕೋಣೆಗಳೇ ಇಲ್ಲವಲ್ಲ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ, ಮೈಸೂರಿನಲ್ಲಿ ನಡೆದ ಕೆಲಸವನ್ನು ಹೇಳಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ‘ಮಿಷನ್ ಆಸ್ಪತ್ರೆ’ ಎನ್ನುವುದು, 1906ರಲ್ಲಿ ಶುರುವಾದದ್ದು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಅವನ್ನು ಹಿಡಿದು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚೇ ಎಂದು ಹುಡುಕಿದ ಸಂಶೋಧನೆ 1996ರಲ್ಲಿ ಪ್ರಕಟವಾಗಿ ಹೆಸರಾಯಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಹೋದ ಇನ್ನೊಂದು ಅಧ್ಯಯನ ಆರಂಭವಾಯಿತು. ಡಾ. ಕೃಷ್ಣವೇಣಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮೊದಲಾದವರು ನಡೆಸಿದ್ದು.

ಅದರಲ್ಲಿ ಬಸುರಿನ 30ನೆಯ ವಾರದಲ್ಲಿ ತೆಗೆದಿಟ್ಟಿದ್ದ 559 ಹೆಂಗಸರ ರಕ್ತವನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಹೇಳಿದರು. ಲೀಟರಿಗೆ 50 ನ್ಯಾನೋಮೋಲ್ ಇದ್ದರೆ ಸಾಕು ಎಂಬ ಲೆಕ್ಕವಿಟ್ಟರೆ ಶೇ. 66 ಮಂದಿಯಲ್ಲಿ ಅಷ್ಟು ಇರಲಿಲ್ಲ. ಮೂವರಲ್ಲಿ ಇಬ್ಬರು. ಅದೂ ವರ್ಷವಿಡೀ ಬಿಸಿಲು ಬೀಳುವ ಮೈಸೂರಿನಲ್ಲಿ. ಆದರೆ ಕೊರತೆಯಿದ್ದ ತಾಯಂದಿರ ಕೂಸುಗಳು ಹುಟ್ಟುವಾಗ ಚಿಕ್ಕದಾಗಿರಲಿಲ್ಲ, ತಾಯಂದಿರಿಗೆ ಬಸುರಿನ ಸಕ್ಕರೆ ಕಾಯಿಲೆಯೂ ಹೆಚ್ಚಿರಲಿಲ್ಲ. ಅದನ್ನು ಆ ಸಂಶೋಧಕರು ಮುಚ್ಚಿಡದೆ ತಮ್ಮ ಲೇಖನದ ತಲೆಬರಹದಲ್ಲೇ ಹೇಳಿದರು. ವಿಜ್ಞಾನದ ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆ. ಮಕ್ಕಳು ಬೆಳೆದ ಮೇಲೆ ಇನ್ನೊಂದು ವಿಷಯ ಕಂಡಿತು. ಐದನೆಯ ವರ್ಷದಲ್ಲೂ ಒಂಬತ್ತೂವರೆಯ ವಯಸ್ಸಿನಲ್ಲೂ, ಕೊರತೆಯಿದ್ದ ತಾಯಂದಿರ ಮಕ್ಕಳ ತೋಳಿನ ಮಾಂಸಖಂಡ ಉಳಿದ ಮಕ್ಕಳದಕ್ಕಿಂತ ಕೊಂಚ ಸಣ್ಣದಾಗಿತ್ತು. ಒಂಬತ್ತೂವರೆಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣ ಕೊಂಚ ಹೆಚ್ಚಾಗಿತ್ತು. ಕೈಯ ಹಿಡಿತದ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು 2011ರಲ್ಲಿ ಪ್ರಕಟವಾಯಿತು. ಬಿಲ್ಲುಗಾಲಿನಂತೆ ಕಣ್ಣಿಗೆ ಹೊಡೆಯುವ ಕೇಡು ಇದಲ್ಲ. ಹುಟ್ಟಿದಾಗ ತಕ್ಕಡಿಗೆ ಸಿಕ್ಕದೆ, ಐದು ವರ್ಷದ ಮೇಲೆ ಅಳತೆಯ ಟೇಪಿಗೆ ಸಿಕ್ಕುವಂಥದು.

ಉತ್ತರದ ಕಡೆಯೂ ಇದೇ ಸುದ್ದಿ. 2000ದಲ್ಲಿ ದೆಹಲಿಯ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಬಯಲಿನಲ್ಲಿ ಕವಾಯತು ಮಾಡುವ ಸೈನಿಕರ ಮಟ್ಟ ಚೆನ್ನಾಗಿತ್ತು, ಬಸುರಿಯರದೂ ನವಜಾತ ಶಿಶುಗಳದೂ ತೀರ ಕೆಳಗಿತ್ತು. 2005ರಲ್ಲಿ ಲಖನೌದಿಂದ ಬಂದ ವರದಿಯಲ್ಲಿ 207 ಬಸುರಿಯರಲ್ಲಿ ಶೇ. 84ರಷ್ಟು ಮಂದಿಗೆ ಕೊರತೆ. ಪಟ್ಟಣದವರಿಗೂ ಹಳ್ಳಿಯವರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ತಾಯಿಯ ಮಟ್ಟ ಇಳಿದಂತೆ ಹೊಕ್ಕುಳ ಬಳ್ಳಿಯ ರಕ್ತದ ಮಟ್ಟವೂ ಇಳಿದಿತ್ತು. ನಮಗೆ ಹತ್ತಿರದ ತಿರುಪತಿಯಲ್ಲಿ ಡಾ. ಹರಿನಾರಾಯಣ್ ಮತ್ತು ಅವರ ಜೊತೆಯವರು ನೋಡಿದಾಗ ಹೊಲದಲ್ಲಿ ದುಡಿಯುವವರು ಪಟ್ಟಣದವರಿಗಿಂತ ಮೇಲಿದ್ದರು. ಆದರೆ ಅವರ ಊಟದಲ್ಲಿ ಕ್ಯಾಲ್ಸಿಯಂ ಸಾಲದಾಗಿತ್ತು.

ಈ ಕೊನೆಯ ಮಾತಿನಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ನಮ್ಮದು ರಾಗಿಯ ನಾಡು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಅದು ಮೈಗೆ ಇನ್ನಷ್ಟು ಹತ್ತುತ್ತದೆ. ಕೂಸಿಗೆ ರಾಗಿಸರಿ ಮಾಡುವ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಆದರೆ ಎಷ್ಟು ಮುದ್ದೆ ನುಂಗಿದರೂ, ಕರುಳು ಆ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಬೇಕಾದರೆ ಡಿ ಸತ್ವ ಬೇಕು. ಅದು ರಾಗಿಯಲ್ಲಿಲ್ಲ. ತೆಂಗಿನಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಮೊಟ್ಟೆಯ ಹಳದಿಯಲ್ಲಿ ಕೊಂಚ, ಕೊಬ್ಬಿನ ಮೀನಿನಲ್ಲಿ ಹೆಚ್ಚು. ನಮ್ಮ ಊಟಕ್ಕೆ ಇವೆರಡೂ ದೂರ. ಉಳಿದದ್ದು ಬಿಸಿಲೊಂದೇ.

ಹಾಗಾದರೆ ಆ ಬಿಸಿಲು ಎಲ್ಲಿ ಹೋಯಿತು? ಇದಕ್ಕೆ ನನಗೆ ತೋರುವ ಒಂದು ಉತ್ತರವನ್ನು ಹೇಳುತ್ತೇನೆ. ನಮ್ಮ ಕಡೆಯ ಹಳೆಯ ಮನೆಗಳು ತೊಟ್ಟಿ ಮನೆಗಳು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಹಜಾರ, ಮೇಲೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿ. ಹೆಂಗಸರು ರಾಗಿ ಕೇರುವುದು, ಬೇಳೆ ಒಣಹಾಕುವುದು, ತಲೆ ಬಾಚುವುದು, ಬಸುರಿಗೆ ಹೂ ಮುಡಿಸುವುದು ಎಲ್ಲ ಅಲ್ಲಿಯೇ. ಹೊರಗೆ ಹೋಗಬಾರದೆಂಬ ಕಟ್ಟಳೆ ಇದ್ದ ಮನೆಯಲ್ಲೂ ನಡುಹಗಲಿನ ಬಿಸಿಲು ತಾನೇ ಒಳಗೆ ಬಂದು ಹೆಂಗಸಿನ ತೋಳಿನ ಮೇಲೆ ಕೂರುತ್ತಿತ್ತು.

ಅಮ್ಮಸಂದ್ರದಲ್ಲಿ ಸಿಮೆಂಟು ಬಂತು. 1958ರಲ್ಲಿ ಮೈಸೂರು ಸಿಮೆಂಟ್ಸ್ ಕಂಪನಿ ಸ್ಥಾಪನೆಯಾಗಿ, ಈ ಸೀಮೆಯ ಸುಣ್ಣದ ಕಲ್ಲನ್ನು ಸುಟ್ಟು ಬೀಸಿ ಚೀಲಕ್ಕೆ ತುಂಬತೊಡಗಿತು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಅದನ್ನು ಕೊಂಡಿತು. ಸಾವಿರಾರು ಮನೆಗೆ ಅನ್ನ ಕೊಟ್ಟ ಕಾರ್ಖಾನೆ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಸಿಮೆಂಟು ಕೈಗೆಟುಕಿದ ಮೇಲೆ ಜನ ಮೊದಲು ಮಾಡಿದ ಕೆಲಸ ತೊಟ್ಟಿಯನ್ನು ಮುಚ್ಚಿದ್ದು. ಮಳೆ ಬೀಳುವುದಿಲ್ಲ, ಕಳ್ಳರು ಇಳಿಯುವುದಿಲ್ಲ, ಒಂದು ಕೋಣೆ ಹೆಚ್ಚಾಗುತ್ತದೆ. ಆಮೇಲೆ ಬಂದ ಆರ್‌ಸಿಸಿ ಮನೆಗಳಿಗೆ ತೊಟ್ಟಿಯೂ ಇಲ್ಲ, ಹಿತ್ತಲೂ ಇಲ್ಲ. ಕಿಟಕಿಗೆ ಗಾಜು ಬಂತು. ಗಾಜಿನ ಮೂಲಕ ಬೆಳಕು ಬರುತ್ತದೆ, ಸೆಕೆ ಬರುತ್ತದೆ, ಈ ಸತ್ವವನ್ನು ಹುಟ್ಟಿಸುವ ಕಿರಣ ಮಾತ್ರ ಬರುವುದಿಲ್ಲ. ಮೂಳೆಗೆ ಬೇಕಾದ ಸುಣ್ಣದ ಮೇಲೆಯೇ ಕೂತಿರುವ ಊರು, ಅದೇ ಸುಣ್ಣದಿಂದ ಬಿಸಿಲಿಗೆ ಮುಚ್ಚಳ ಮಾಡಿಕೊಂಡಿತು. ಕೊರತೆಗೆಲ್ಲ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ನಮ್ಮ ಮೈಬಣ್ಣ ಕಪ್ಪು, ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಉಡುವ ಬಟ್ಟೆ ಮೈ ಮುಚ್ಚುತ್ತದೆ. ಕೂಲಿಗೆ ಹೋಗುವ ಹೆಂಗಸೂ ತೆಂಗಿನ ತೋಟದ ನೆರಳಿನಲ್ಲಿ ತಲೆಗೆ ಟವೆಲು ಸುತ್ತಿ ಕೆಲಸ ಮಾಡುತ್ತಾಳೆ. ಗಾರ್ಮೆಂಟ್ಸ್ ಬಸ್ಸು ಹತ್ತುವ ಹುಡುಗಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾಳೆ.

‘ಎಳೆಬಿಸಿಲಿಗೆ ಕೂಸನ್ನು ಹಿಡಿಯುತ್ತೇವಲ್ಲ’ ಎಂದು ಹೇಳುವ ತಾಯಂದಿರಿದ್ದಾರೆ. ಎಳೆಬಿಸಿಲು ಹಿತವಾದದ್ದು, ಆದರೆ ಓರೆಯಾಗಿ ಬರುವ ಆ ಕಿರಣಗಳಲ್ಲಿ ಈ ಸತ್ವ ಹುಟ್ಟಿಸುವ ಶಕ್ತಿ ತೀರ ಕಡಿಮೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು, ಎಂದರೆ ಸುಮಾರು ಹನ್ನೊಂದರಿಂದ ಎರಡು ಗಂಟೆಯ ನಡುವೆ, ಅದು ಹುಟ್ಟುವುದು. ಬಸುರಿ ಹೆಂಗಸು ಆ ಹೊತ್ತಿನಲ್ಲಿ ತೋಳು ಕಾಲು ತೆರೆದು ಕೊಂಚ ಕೂರಬಹುದು, ಎಳೆಗೂಸನ್ನು ಆ ಬಿಸಿಲಿಗೆ ಹಿಡಿಯಲಾಗದು. ಆದ್ದರಿಂದಲೇ ಮಕ್ಕಳ ವೈದ್ಯರು ಹುಟ್ಟಿದಂದಿನಿಂದ ಒಂದು ವರ್ಷದವರೆಗೆ ಕೂಸಿಗೆ ದಿನಕ್ಕೆ 400 ಯೂನಿಟ್ಟಿನ ಹನಿ ಹಾಕಲು ಹೇಳುತ್ತಾರೆ. ಬಸುರಿಗೆ ಸರ್ಕಾರದ ಏರ್ಪಾಡೂ ಇದೆ. 2014ರ ಕೇಂದ್ರದ ಸೂಚನೆಯಂತೆ, ನಾಲ್ಕನೆಯ ತಿಂಗಳಿನಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ, ಒಂದೊಂದರಲ್ಲೂ 250 ಯೂನಿಟ್ ಡಿ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಎಲ್ಲ ಬಸುರಿಯರಿಗೂ ಡಿ ಮಾತ್ರೆಯನ್ನೇ ಪ್ರತ್ಯೇಕವಾಗಿ ಕೊಡಬೇಕೆಂದು 2016ರಲ್ಲೂ ಹೇಳಲಿಲ್ಲ, ಕೊರತೆಯೆಂದು ಕಂಡವರಿಗೆ ಕೊಡಬಹುದೆಂದಿತು. ಅತಿಯಾದರೆ ಇದೂ ವಿಷ. ಅಂಗಡಿಯಿಂದ ತಂದು ಮನಸ್ಸಿಗೆ ಬಂದಂತೆ ನುಂಗುವ ವಸ್ತುವಲ್ಲ.

ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ ಎಂದು ನಮ್ಮ ಊರಿನ ಆಶಾ ಕಾರ್ಯಕರ್ತೆ ನನ್ನೊಡನೆ ಗೋಳಾಡುತ್ತಾರೆ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೇಳಿದರೆ ಡಬ್ಬಿ ಹಾಗೆಯೇ ಕಪಾಟು ಸೇರುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಮಾತೃಪೂರ್ಣ ಯೋಜನೆ ತಂದು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ, ಹಾಲು, ಮೊಟ್ಟೆ, ಚಿಕ್ಕಿ ಕೊಡತೊಡಗಿದಾಗ ಎದ್ದ ದೂರು ನನಗೆ ನೆನಪಿದೆ. ಬಸುರಿ, ಬಾಣಂತಿ ಅಷ್ಟು ದೂರ ಉರಿಬಿಸಿಲಿನಲ್ಲಿ ನಡೆದು ಹೋಗಬೇಕೆ ಎಂದು. ಗುಡ್ಡಗಾಡಿನವರಿಗೆ ದೂರ ನಿಜವಾದ ಕಷ್ಟವೇ. ಆದರೆ ಎರಡು ಬೀದಿ ಆಚೆ ಅಂಗನವಾಡಿ ಇದ್ದ ನಮ್ಮಲ್ಲಿ, ಆ ನಡುಹಗಲಿನ ನಡಿಗೆಯೂ ಊಟದ ಜೊತೆಗಿನ ಒಂದು ಔಷಧವೇ ಆಗಿತ್ತು. ಯಾರೂ ಹಾಗೆಂದು ಹೇಳಿಕೊಡಲಿಲ್ಲ.

ಬಿಸಿಲು ಬೇಕೆಂದರೆ ಬಾಣಂತಿಯನ್ನು ಬಯಲಿಗೆ ಹಾಕುವುದು ಎಂದರ್ಥವಲ್ಲ. ಸೂತಕದ ಹೆಸರಿನಲ್ಲಿ ಹಸಿ ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಿನಲ್ಲಿ ಇರಿಸುವ ಕಟ್ಟಳೆ ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಇತ್ತೀಚಿನವರೆಗೂ ಕಂಡಿದೆ. ಅಲ್ಲಿ ಬಿಸಿಲಿನ ಜೊತೆಗೆ ಚಳಿ, ಮಳೆ, ಸೋಂಕು ಎಲ್ಲವೂ ಇವೆ. ಕತ್ತಲೆ ಕೋಣೆಯಲ್ಲಿ ಇರಿಸುವುದೂ ಬಯಲಿನಲ್ಲಿ ಬಿಡುವುದೂ ಎರಡೂ ಅವಳನ್ನು ಕೇಳದೆ ಮಾಡಿದ ತೀರ್ಮಾನಗಳು.

ನಾಸಿಕದ ಪರದೆಯಿಂದ ಇಂದಿನ ಗಾರ್ಮೆಂಟ್ಸ್ ಬಸ್ಸಿನವರೆಗೆ ಈ ನೂರು ವರ್ಷದ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಬಿಸಿಲು ಎಲ್ಲರ ಮೇಲೂ ಬೀಳುತ್ತದೆ, ಆದರೆ ಅದರಲ್ಲಿ ನಿಲ್ಲಲು ಜಾಗವೂ ಹೊತ್ತೂ ಬೇಕು. ಗಂಡಸಿಗೆ ಬೀದಿ ಇದೆ, ಹೊಲವಿದೆ, ಅರಳಿಕಟ್ಟೆ ಇದೆ. ಹೆಂಗಸಿಗೆ ಇದ್ದದ್ದು ತೊಟ್ಟಿ, ಅದೂ ಮುಚ್ಚಿತು. ಈಚೆಗೆ ಮನೆ ಕಟ್ಟಿಸುವ ಹುಡುಗರು ನಕ್ಷೆ ತೋರಿಸಲು ನನ್ನ ಬಳಿ ಬರುತ್ತಾರೆ. ದೇವರಮನೆ ಯಾವ ಮೂಲೆಗೆ, ಅಡುಗೆಮನೆ ಯಾವ ದಿಕ್ಕಿಗೆ ಎಂದು ವಾಸ್ತು ಕೇಳುತ್ತಾರೆ. ಅದು ನನಗೆ ಬಾರದ ವಿದ್ಯೆ. ಹತ್ತಡಿ ಅಗಲವಾದರೂ ಆಕಾಶ ಕಾಣುವ ಒಂದು ಜಾಗ ಬಿಡಿ, ನಡುಹಗಲಿನಲ್ಲಿ ನಿಮ್ಮ ಹೆಂಡತಿ ಅಲ್ಲಿ ಕಾಲು ಗಂಟೆ ಕೂತರೆ ಯಾರೂ ಕೆಲಸಕ್ಕೆ ಕೂಗಬೇಡಿ ಎಂದಷ್ಟೇ ಹೇಳಿ ಕಳಿಸುತ್ತೇನೆ.